ಗೆದ್ದ ಎತ್ತಿನ ಮುಂದಿನ ಓಟ

ಕಾರಹುಣ್ಣಿಮೆಯ ಸಂಜೆ ನಮ್ಮ ಕಡೆಯ ಊರುಗಳ ಅಗಸೆಯಲ್ಲಿ ಕರಿ ಹರಿಯುವುದನ್ನು ಕಂಡವರು ಈ ನಂಬಿಕೆಯನ್ನು ಬಲ್ಲರು: ಬಿಳಿಯ ಎತ್ತು ಮೊದಲು ಕರಿ ಹರಿದರೆ ಹಿಂಗಾರಿ ಪೀಕು ಹುಲುಸು, ಕೆಂದೆತ್ತು ಹರಿದರೆ ಮುಂಗಾರಿ ಪೀಕು ಹುಲುಸು. ಎತ್ತಿನ ಓಟದಲ್ಲಿ ವರುಷದ ಭವಿಷ್ಯವನ್ನೇ ಓದುವ ಒಕ್ಕಲಿಗನಿಗೆ, ಓಡಿದ ಎತ್ತಿನ ಭವಿಷ್ಯವನ್ನು ಓದುವುದು ಮಾತ್ರ ಅಷ್ಟು ಸುಲಭವಲ್ಲ.

ಬೈಲಹೊಂಗಲ, ಸವದತ್ತಿಯ ಸೀಮೆಯಲ್ಲಿ ಜಾತ್ರೆಗಳೊಡನೆ ಶರ್ಯತ್ತುಗಳೂ ಬರುತ್ತವೆ. ಅವುಗಳಲ್ಲಿ ಜನಪ್ರಿಯವಾದುದು ಖಾಲಿ ಗಾಡಾ ಓಡಿಸುವ ಸ್ಪರ್ಧೆ. ಹೇರಿಲ್ಲದ ಗಾಡಿಗೆ ಜೋಡೆತ್ತು ಹೂಡಿ, ಒಂದು ನಿಮಿಷದಲ್ಲಿ ಓಡಿದ ದೂರವನ್ನು ಅಳೆಯುತ್ತಾರೆ. ಹೆಚ್ಚು ದೂರ ಓಡಿದ ಜೋಡಿಗೆ ಬಹುಮಾನ. ಮರುದಿನವೇ ಅದರ ಬೆಲೆ ಏರುತ್ತದೆ.

ಆದರೆ ಅಳತೆಯ ಅಂಕಿ ಎಲ್ಲವನ್ನೂ ಹೇಳುವುದಿಲ್ಲ. ಬೈಲಹೊಂಗಲದ ಎರೆನೆಲ ಒಣಗಿದಾಗ ಒಂದು ಬಗೆ, ಹನಿ ಬಿದ್ದು ಗಾಲಿಗೆ ಮೆತ್ತಿದಾಗ ಇನ್ನೊಂದು ಬಗೆ. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನ ಮಣ್ಣು ಬೇರೆ, ರಾಮದುರ್ಗದ ಕಲ್ಲುಗುಡ್ಡಗಳ ಅಡಿಯ ನೆಲ ಬೇರೆ. ಒಂದೆಡೆಯ ದೂರವನ್ನು ಮತ್ತೊಂದೆಡೆಯ ದೂರದೊಡನೆ ತೂಗುವವನು ಎತ್ತನ್ನಲ್ಲ, ನೆಲವನ್ನು ತೂಗುತ್ತಾನೆ. ತಳಿಯ ಮಾತೂ ಉಂಟು. ಕಿಲಾರಿ ಎತ್ತು ವೇಗಕ್ಕೆ ಹೆಸರಾದುದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠಾ ಪ್ರಾಂತದ ಸಂಸ್ಥಾನಿಕರು ಬೆಳೆಸಿದ ಕೃಷ್ಣಾ ಕಣಿವೆಯ ತಳಿ ಎರೆಹೊಲದ ಭಾರದ ದುಡಿಮೆಗೆ ಹುಟ್ಟಿದ್ದು. ಅದನ್ನು ಓಟದಿಂದ ಅಳೆಯುವುದು ನ್ಯಾಯವಲ್ಲ.

ಬೈಲಹೊಂಗಲದ ಸಮೀಪದ ಹಳ್ಳಿಯೊಂದರಲ್ಲಿ ಇಂಥ ಪರೀಕ್ಷೆಯೊಂದನ್ನು ನಾನು ಕಂಡೆನು. ತರುಣನೊಬ್ಬನ ಜೋಡಿ ಒಂದು ಶರ್ಯತ್ತಿನಲ್ಲಿ ಮೂರನೆಯದಾಗಿ, ಮುಂದಿನೆರಡರಲ್ಲಿ ಮೊದಲನೆಯದಾಗಿ ಬಂದಿತ್ತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಲಕ್ಷಣ ಬೇರೆಯಿಲ್ಲ. ಅವನು ನೆರೆಮನೆಯ ಹಿರಿಯರನ್ನು ಕರೆತಂದು, “ಕಾಕಾ, ಅಮಾಸಿಗೆ ಮತ್ತೊಂದು ಶರ್ಯತ್ತು ಐತಿ. ಹೂಡಲೇನು?” ಎಂದನು.

ಹಿರಿಯರು ಬಹುಮಾನದ ಸುದ್ದಿಯನ್ನೇ ಕೇಳಲಿಲ್ಲ. ಮೊದಲು ಬಾಯಿ ತೆರೆಸಿ ಹಲ್ಲು ನೋಡಿದರು. ಎಡಗಡೆಯದು ಬಾಯಿಗೂಡಿತ್ತು, ಬಲಗಡೆಯದು ಇನ್ನೂ ಆರು ಹಲ್ಲಿನದು. ಹೆಗಲ ಮೇಲೆ ಅಂಗೈಯಾಡಿಸಿ ಬಾವು ಹುಡುಕಿದರು. ಗೊರಸೆತ್ತಿ ನೋಡಿದರು. ಆಮೇಲೆ ಗೋದಲಿಯ ಬಳಿ ಕುಳಿತು ಬಹಳ ಹೊತ್ತು ಸುಮ್ಮನಿದ್ದರು. ಎಡಗಡೆಯದು ಮೇವು ತಿಂದು ಮೆಲುಕು ಹಾಕತೊಡಗಿತು. ಬಲಗಡೆಯದು ಕಣಿಕೆಯನ್ನು ಮೂಸಿ ಬಿಟ್ಟಿತು.

“ತಮ್ಮಾ, ಎತ್ತು ಗೆದ್ದಾವ ಖರೆ. ಆದರ ಇದರ ದಣಿವು ಇನ್ನೂ ಇಳಿದಿಲ್ಲ. ದೊಡ್ಡದರ ಜೋಡಿ ಓಡಿ ಓಡಿ ಇದು ತನ್ನ ಶಕ್ತಿ ಮೀರೇತಿ. ಈಗ ಹೂಡಿದರ ಗೆದ್ದರೂ ಗೆದ್ದೀತು. ಮುಂದಿನ ವರ್ಷಕ್ಕ ಎತ್ತು ಉಳಿಯೂದಿಲ್ಲ.”

ಆ ಮಾತನ್ನು ಕೇಳಿದಾಗ ನನಗೆ ನೆನಪಾದವನು ಚಾಲುಕ್ಯ ಮನೆತನದ ಕೀರ್ತಿವರ್ಮ. 12ನೆಯ ಶತಮಾನದಲ್ಲಿ ಆತನು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅರಸುಮನೆತನದವನೊಬ್ಬನು ದನಗಳ ರೋಗವನ್ನು ಕುರಿತು ಬರೆಯಲು ಮನಸ್ಸು ಮಾಡಿದ ನಾಡಿದು. ದನದ ಮೈಯನ್ನು ಓದುವ ವಿದ್ಯೆ ನಮ್ಮಲ್ಲಿ ಸಾಹಿತ್ಯದಷ್ಟೇ ಹಳೆಯದಾಗಿರಬೇಕು.

ಇಂದು ಕಾನೂನೂ ಇದೇ ಪ್ರಶ್ನೆಯನ್ನು ಕೇಳುತ್ತಿದೆ. 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿನ ಗಾಡಿಯ ಓಟಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕವು ಕಾಯಿದೆಯನ್ನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಶರ್ಯತ್ತು ಉಳಿಯಿತು. ಆದರೆ ಬಾರುಕೋಲನ್ನು ತಡೆಯುವ ಕಾಯಿದೆ, ಮೇವು ಮುಟ್ಟದ ಎತ್ತನ್ನು ಮನೆಯಲ್ಲಿ ಉಳಿಸಲಾರದು. ಅದು ಸಾಕಿದವನ ಕಣ್ಣಿಗೆ ಬಿಟ್ಟ ಕೆಲಸ.

ಅಮಾವಾಸ್ಯೆಯ ದಿನ ಆ ತರುಣನು ಶರ್ಯತ್ತಿಗೆ ಹೋದನು. ಎತ್ತುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ, ನೋಡುವವನಾಗಿ ಹೋದನು. ಬಹುಮಾನ ಬೇರೊಂದು ಜೋಡಿಯ ಪಾಲಾಯಿತು. ಸಂಜೆ ಅವನು ಮನೆಗೆ ಬಂದಾಗ ಬಲಗಡೆಯ ಎತ್ತು ಮಲಗಿ ಮೆಲುಕು ಹಾಕುತ್ತಿತ್ತಂತೆ.