ಪಟ್ಟಿ ಹಾಕಿದ್ರೆ ಬೆರಳು ಉಳಿಯುತ್ತಾ?

ಯಲಬುರ್ಗಾ ತಾಲ್ಲೂಕಿನ ಹಿರಿಯರೊಬ್ಬರು ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಕರೆ ಮಾಡಿದ್ದರು. ಕೇಳಿದ್ದು ಒಂದೇ ಪ್ರಶ್ನೆ. "ಚರ್ಮ ಬೆಳಸೋ ಹೊಸಾ ಪಟ್ಟಿ ಬಂದೈತಂತಲ್ರೀ, ಅದನ್ನ ಹಾಕಿದ್ರ ನನ್ನ ಬೆರಳು ಉಳೀತೈತೇನ್ರಿ?" ಹದಿನೈದು ವರ್ಷದ ಶುಗರ್. ಕಾಲಿನ ಹೆಬ್ಬೆರಳ ಕೆಳಗೆ ಮೂರು ತಿಂಗಳಿಂದ ಮಾಯದ ಗಾಯ. ಬ್ರೇಕ್‌ಗೆ ಅರ್ಧ ನಿಮಿಷ ಇರುವಾಗ ಹೇಳಿ ಮುಗಿಸುವ ಉತ್ತರ ಅಲ್ಲ ಇದು.

ವೀಕ್ಷಕರೇ, ಇದು ಒಬ್ಬರ ಮನೆಯ ಕಥೆಯಲ್ಲ. ಗಂಗಾವತಿ ಕಡೆ ಭತ್ತದ ಗದ್ದೆಯ ಕೆಸರಲ್ಲಿ ಬರಿಗಾಲು. ಕುಷ್ಟಗಿ, ಯಲಬುರ್ಗಾ ಕಡೆ ಒಣ ಹೊಲ, ಜಾಲಿ ಮುಳ್ಳು, ಬೇಸಿಗೆಯಲ್ಲಿ ಕಾದ ನೆಲ. ಶುಗರ್ ಹಳೆಯದಾದಷ್ಟೂ ಪಾದದ ನರಗಳು ಸತ್ತು ಸ್ಪರ್ಶವೇ ಗೊತ್ತಾಗಲ್ಲ. ಮುಳ್ಳು ಚುಚ್ಚಿದ್ದು ತಿಳಿಯೋದು ಸಂಜೆ ಕಾಲು ತೊಳೆಯುವಾಗ, ಅದೂ ನೋಡಿದರೆ. ನೋವಿಲ್ಲ ಅಂತ ಅದೇ ಕಾಲಿನ ಮೇಲೆ ಮತ್ತೆ ಮತ್ತೆ ನಡೀತಾರೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ನೋಡಿದ ಡಾಕ್ಟರ್ ಪಾಲ್ ಬ್ರ್ಯಾಂಡ್ ಕಂಡುಕೊಂಡಿದ್ದೂ ಇದನ್ನೇ: ಮಾಂಸ ತಾನಾಗಿ ಕೊಳೆಯೋದಿಲ್ಲ, ನೋವು ಗೊತ್ತಾಗದ ಕಾಲನ್ನು ನಾವೇ ತುಳಿದು ತುಳಿದು ಹಾಳು ಮಾಡ್ತೀವಿ.

ಈಗ ಆ ಹೊಸ ಪಟ್ಟಿಯ ವಿಷಯ. ನಾನು ಎಂಜಿನಿಯರಿಂಗ್ ಓದಿದವನು, ಹಾಗಾಗಿ ಮನೆ ಕಟ್ಟುವ ಭಾಷೆಯಲ್ಲೇ ಹೇಳ್ತೀನಿ. ಗೋಡೆ ಎತ್ತರಕ್ಕೆ ಹೋದಾಗ ಗಾರೆಯವರು ನಿಲ್ಲೋಕೆ ಕಂಬ, ಹಲಗೆ ಕಟ್ಟಿ ಸಾರುವೆ ಹಾಕ್ತಾರೆ. ನಮ್ಮ ದೇಹದಲ್ಲೂ ಗಾರೆಯವರಿದ್ದಾರೆ, ಫೈಬ್ರೋಬ್ಲಾಸ್ಟ್ ಅನ್ನುವ ಜೀವಕೋಶಗಳು. ಗಾಯವಾದ ಕೂಡಲೇ ರಕ್ತ ಹೆಪ್ಪುಗಟ್ಟುತ್ತೆ. ಆಮೇಲೆ ಬಿಳಿ ರಕ್ತಕಣಗಳು ಬಂದು ಕಸ ಗುಡಿಸ್ತವೆ. ಗುಡಿಸಿದ ಜಾಗದಲ್ಲಿ ಈ ಗಾರೆಯವರು ಕೊಲಾಜನ್ ಅನ್ನುವ ನಾರು ನೇಯುತ್ತಾರೆ. ಹಳೆಯ ಶುಗರ್ ಗಾಯ ಸಿಕ್ಕಿಹಾಕಿಕೊಳ್ಳೋದು ಕಸ ಗುಡಿಸುವ ಹಂತದಲ್ಲೇ. ಗುಡಿಸುವವರು ಮನೆಗೆ ಹೋಗೋದೇ ಇಲ್ಲ. ಅವರು ಬಿಡುವ ಕಿಣ್ವಗಳು ಹೊಸದಾಗಿ ಕಟ್ಟಿದ ಗೋಡೆಯನ್ನೂ ತಿಂದು ಹಾಕ್ತವೆ.

ಅಲ್ಲಿಗೆ ಸಣ್ಣ ಸಣ್ಣ ರಂಧ್ರಗಳಿರುವ ಸ್ಪಂಜಿನಂಥ ಕೊಲಾಜನ್ ಹಾಳೆಯನ್ನು ಇಡ್ತಾರೆ. ಕಿಣ್ವಗಳು ಮೊದಲು ಅದನ್ನು ತಿನ್ನುತ್ತವೆ, ನಮ್ಮ ಗೋಡೆ ಉಳಿಯುತ್ತೆ. ಗಾರೆಯವರು ಆ ರಂಧ್ರಗಳೊಳಗೆ ಹತ್ತಿ ತಮ್ಮ ನಾರು ನೇಯುತ್ತಾರೆ. ಕೆಲಸ ಮುಗಿಯುವ ಹೊತ್ತಿಗೆ ಸಾರುವೆ ತಾನೇ ಕರಗಿ ಹೋಗಿರುತ್ತೆ. ಬಿಚ್ಚುವ ಗೋಜಿಲ್ಲ! ಸುಟ್ಟಗಾಯಕ್ಕೆ ಇಂಥದ್ದನ್ನು 1981ರ ಹೊತ್ತಿಗೇ ಮಾಡಿ ತೋರಿಸಿದ್ದು ಬಾಸ್ಟನ್‌ನ ಸರ್ಜನ್ ಜಾನ್ ಬರ್ಕ್ ಮತ್ತು ಎಂಐಟಿಯ ಪ್ರಾಧ್ಯಾಪಕ ಅಯಾನಿಸ್ ಯಾನಸ್. ಅವರು ಬಳಸಿದ್ದು ದನದ ಕೊಲಾಜನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯ ಅಂಶ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ಹಂದಿಯ ಪಿತ್ತಕೋಶದ ಪೊರೆಯಿಂದ ಕೋಲೆಡರ್ಮ್ ತಯಾರಿಸಿದೆ. ನಮ್ಮ ಕರ್ನಾಟಕದ್ದು ಅಂದ್ರೆ ರೇಷ್ಮೆ. ಗೂಡಿನ ಅಂಟಾದ ಸೆರಿಸಿನ್ ತೆಗೆದ ಮೇಲೆ ಉಳಿಯುವ ಎಳೆ ಫೈಬ್ರೋಯಿನ್ ಅನ್ನುವ ಪ್ರೋಟೀನ್. ಬೆಂಗಳೂರಿನ ಫೈಬ್ರೋಹೀಲ್ ಕಂಪನಿ ರೇಷ್ಮೆ ಪ್ರೋಟೀನಿನಿಂದಲೇ ಗಾಯದ ಪಟ್ಟಿ ಮಾಡುತ್ತೆ.

ಇಲ್ಲೊಂದು ತಮಾಷೆ ನೋಡಿ. ಗಾಯ ವಾಸಿಯಾಯ್ತು ಅನ್ನೋದಕ್ಕೆ ಕನ್ನಡದಲ್ಲಿ ನಾವು "ಗಾಯ ಒಣಗಿತು" ಅಂತೀವಿ. ಅದನ್ನೇ ನಂಬಿ ಬಿಸಿಲಿಗೆ ಹಿಡಿಯೋದು, ಕಾಫಿಪುಡಿ ತುಂಬೋದು, ಸುಣ್ಣ ಹಚ್ಚೋದು. ಆದರೆ 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದಕ್ಕೆ ಉಲ್ಟಾ: ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹರಡಿತು. ಹಕ್ಕಳೆ ಅಡ್ಡ ಬಂದರೆ ಹೊಸ ಚರ್ಮ ಅದರ ಕೆಳಗೆ ತೂರಿ ಹೋಗಬೇಕು. ಒಣಗಿ ಅಂಟಿದ ಹತ್ತಿ ಬಟ್ಟೆಯನ್ನು ಕಿತ್ತರಂತೂ ಮೊನ್ನೆ ಬಂದ ಚರ್ಮವೂ ಅದರ ಜೊತೆಗೇ ಬರುತ್ತೆ. ಅಂಟದ ಪಟ್ಟಿ ಅಂದ್ರೆ ದುಬಾರಿಯೇ ಆಗಬೇಕಿಲ್ಲ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆ ಸಂಸ್ಕರಿಸಿದ ಬಾಳೆ ಎಲೆಯನ್ನೇ ಹಾಸಿ ಕಟ್ಟಿದ್ದಾರೆ. ಹಾಗಂತ ಮನೆಯಲ್ಲಿ ಎಲೆ ಕೊಯ್ದು ಕಟ್ಟಿಕೊಳ್ಳಬೇಡಿ, ಅದನ್ನು ಕ್ರಿಮಿಶುದ್ಧ ಮಾಡೋ ವಿಧಾನವೇ ಬೇರೆ.

ಹಾಗಾದ್ರೆ ಆ ಯಜಮಾನರ ಬೆರಳು? ಪಟ್ಟಿಯೊಂದರಿಂದಲೇ ಉಳಿಯಲ್ಲ. ಕಾಲಿಗೆ ರಕ್ತ ಹರಿಯದಿದ್ದರೆ ಸಾರುವೆ ಹತ್ತೋಕೆ ಗಾರೆಯವರೇ ಬರಲ್ಲ. ಕೊಳೆತ ಭಾಗ ಕತ್ತರಿಸಿ ತೆಗೆಯದಿದ್ದರೆ, ನಂಜು ಮೂಳೆಗೆ ಇಳಿದಿದ್ದರೆ, ಮೇಲೆ ರೇಷ್ಮೆ ಹಾಸಿದ್ರೂ ಅಷ್ಟೇ. ಎಲ್ಲಕ್ಕಿಂತ ಮುಖ್ಯ, ಆ ಜಾಗದ ಮೇಲೆ ಭಾರ ಬೀಳಬಾರದು. ಮೊಣಕಾಲಿನ ತನಕ ಹಾಕುವ ವಿಶೇಷ ಪ್ಲಾಸ್ಟರ್ ಕಟ್ಟು ಇದಕ್ಕಾಗಿಯೇ ಇದೆ. ಸಾವಿರಾರು ರೂಪಾಯಿಯ ಪಟ್ಟಿ ಹಾಕಿ, ಅದೇ ಹಳೇ ಕಾಲ್ಮರಿಯಲ್ಲಿ ಬಸ್‌ಸ್ಟ್ಯಾಂಡಿಗೆ ನಡೆಸಿ ಕಳಿಸೋದು ದುಡ್ಡು ದಂಡ ಅಂತಲೇ ನಾನು ಹೇಳ್ತೀನಿ.

ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ, ಮೊದಲ ತಪಾಸಣೆಗೆ ಹುಬ್ಬಳ್ಳಿ, ಬಳ್ಳಾರಿಗೇ ಓಡಬೇಕಿಲ್ಲ. ಹೋದಾಗ ಡಾಕ್ಟರನ್ನು ಕೇಳಿ: ಕಾಲಿನ ನಾಡಿ ಸಿಗ್ತಿದೆಯಾ, ಮೂಳೆಗೆ ನಂಜು ಹೋಗಿದೆಯಾ, ಎಕ್ಸ್‌ರೇ ಬೇಕಾ, ಈ ಕಾಲಿನ ಭಾರ ಹೇಗೆ ಇಳಿಸೋದು. ಯಾವ ಪಟ್ಟಿ ಅನ್ನೋದನ್ನು ಆಮೇಲೆ ಕೇಳಿದ್ರಾಯ್ತು. ಕಾಲು ಕೆಂಪೇರಿ ಬಾತುಕೊಂಡು ಚಳಿಜ್ವರ ಬಂದರೆ, ಬೆರಳು ಕಪ್ಪಾದರೆ ಮಾತ್ರ ಬೆಳಗಾಗೋದನ್ನು ಕಾಯಬೇಡಿ, ಅವತ್ತು ರಾತ್ರಿಯೇ ಹೊರಡಿ.