‘ಚೆನ್ನಾಗೇ ಇದೀನಲ್ಲ, ರಕ್ತ ಯಾಕೆ ಕೊಡ್ಲಿ?’: ಶ್ರೀನಿವಾಸಪುರದ ಮಿದುಳು ಅಧ್ಯಯನ ಏನು, ಯಾಕೆ?

ಶ್ರೀನಿವಾಸಪುರ: ‘ಬೆಂಗಳೂರಿಂದ ಟಾಟಾ ಇನ್‌ಸ್ಟಿಟ್ಯೂಟ್‌ನೋರು ಬಂದಿದ್ರಂತೆ. ನಂಗೇನೂ ಕಾಯಿಲೆ ಇಲ್ಲ, ಚೆನ್ನಾಗೇ ಇದೀನಿ. ಮತ್ತೆ ರಕ್ತ ಯಾಕೆ ಕೊಡ್ಲಿ? ತಲೆ ಸ್ಕ್ಯಾನಿಂಗ್ ಯಾಕೆ?’

ತಾಲ್ಲೂಕಿನ ಹಳ್ಳಿಗಳಲ್ಲಿ ಕಟ್ಟೆ ಮೇಲೆ ಕೂತವರ ಮಾತಿನಲ್ಲಿ ಈ ಪ್ರಶ್ನೆ ಆಗಾಗ ಬರುತ್ತೆ. ಕೇಳೋರದ್ದು ತಪ್ಪಲ್ಲ. ಕಾಯಿಲೆ ಬಂದ ಮೇಲೆ ಆಸ್ಪತ್ರೆಗೆ ಹೋಗೋದು ನಮಗೆ ಗೊತ್ತಿರುವ ಪದ್ಧತಿ. ಕಾಯಿಲೆ ಇಲ್ಲದವರನ್ನೇ ಹುಡುಕಿಕೊಂಡು ಬರೋದು ಅಂದ್ರೆ ಅನುಮಾನ ಬಂದೇ ಬರುತ್ತೆ. ಆದ್ರೆ ಈ ಅಧ್ಯಯನಕ್ಕೆ ಬೇಕಾಗಿರೋದು ಆ ‘ಚೆನ್ನಾಗೇ ಇರುವ’ ಜನರೇ. ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡೋಣ.

ಇದು ಯಾರ ಕೆಲಸ?

ಅಧ್ಯಯನದ ಚಿಕ್ಕ ಹೆಸರು ‘ಸ್ಯಾನ್ಸ್‌ಕಾಗ್’. ಉದ್ದ ಹೆಸರು ‘ಶ್ರೀನಿವಾಸಪುರ ಏಜಿಂಗ್, ನ್ಯೂರೋ ಸೆನೆಸೆನ್ಸ್ ಅಂಡ್ ಕಾಗ್ನಿಷನ್’. ವಯಸ್ಸಾಗ್ತಾ ಹೋದ ಹಾಗೆ ಮಿದುಳು ಹೇಗೆ ಬದಲಾಗುತ್ತೆ, ನೆನಪು ಮತ್ತು ಯೋಚನಾಶಕ್ತಿ ಕೆಲವರಲ್ಲಿ ಯಾಕೆ ಕುಗ್ಗುತ್ತೆ, ಇನ್ನು ಕೆಲವರಲ್ಲಿ ತೊಂಬತ್ತಾದರೂ ಯಾಕೆ ಗಟ್ಟಿಯಾಗಿರುತ್ತೆ ಅನ್ನೋದನ್ನ ತಿಳಿಯೋದು ಇದರ ಉದ್ದೇಶ. ನಡೆಸ್ತಿರೋದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಅಂದ್ರೆ ಸೆಂಟರ್ ಫಾರ್ ಬ್ರೈನ್ ರಿಸರ್ಚ್. ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್‌ನ ನೆರವಿನಿಂದ ಬೆಳೆದ ಕೇಂದ್ರ ಅದು. ಇಲ್ಲಿ ಕೆಲಸ ಶುರುವಾಗಿದ್ದು 2018ರಲ್ಲಿ.

45 ವರ್ಷ ದಾಟಿದ, ಡಿಮೆನ್ಷಿಯಾ ಇಲ್ಲದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಮತ್ತೆ ಮತ್ತೆ ನೋಡೋದು ಯೋಜನೆ. ಇದರ ಜೋಡಿಯಾಗಿ ಬೆಂಗಳೂರು ನಗರದಲ್ಲಿ ಸುಮಾರು 1,000 ಜನರ ಇನ್ನೊಂದು ಅಧ್ಯಯನ ಇದೆ. ಅಂದ್ರೆ ಪೇಟೆಯವರಿಗಿಂತ ಹತ್ತು ಪಟ್ಟು ಜನ ನಮ್ಮ ತಾಲ್ಲೂಕಿನ ಹಳ್ಳಿಯವರು. ಇಂಥದ್ದು ನಮ್ಮ ಕಡೆ ಅಪರೂಪ ಅಲ್ವಾ?

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಇದು ಹೊಸ ಔಷಧಿ ಕೊಟ್ಟು ಏನಾಗುತ್ತೆ ಅಂತ ನೋಡುವ ಪ್ರಯೋಗ ಅಲ್ಲ. ಬರೀ ಗಮನಿಸುವ ಅಧ್ಯಯನ. ‘ನಮ್ಮ ಮೇಲೆ ಮಾತ್ರೆ ಟೆಸ್ಟ್ ಮಾಡ್ತಾರೆ’ ಅನ್ನೋ ಮಾತು ನಿಜವಲ್ಲ.

ಹಳ್ಳಿಯವರೇ ಯಾಕೆ?

ಮರೆವಿನ ಕಾಯಿಲೆ ಪೇಟೆಯವರದ್ದು, ಹೊಲ ಗದ್ದೆಯಲ್ಲಿ ದುಡಿದವರಿಗೆ ಬರಲ್ಲ ಅನ್ನೋ ನಂಬಿಕೆ ನಮ್ಮಲ್ಲಿದೆ. ದೇಶದ ಲೆಕ್ಕ ಬೇರೆಯೇ ಹೇಳುತ್ತೆ. ‘ಲಾಸಿ’ ಅನ್ನೋ ರಾಷ್ಟ್ರೀಯ ಸಮೀಕ್ಷೆಯ ಭಾಗವಾಗಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಸುಮಾರು 88 ಲಕ್ಷ ಜನ. ಹಳ್ಳಿಗಳಲ್ಲಿ ಇದು ಶೇ 8.4, ಪೇಟೆಗಳಲ್ಲಿ ಶೇ 5.3. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ.

ಯಾಕೆ ಹೀಗೆ? ಒಂದು ಮುಖ್ಯ ಎಳೆ ಶಾಲೆ. ಚಿಕ್ಕ ವಯಸ್ಸಿನಲ್ಲಿ ಓದಿದವರ ಮಿದುಳಿಗೆ ಮುಂದೆ ಪೆಟ್ಟು ತಡೆದುಕೊಳ್ಳುವ ಶಕ್ತಿ ಸ್ವಲ್ಪ ಹೆಚ್ಚು ಅನ್ನೋದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ನಮ್ಮ ಅಜ್ಜಿಯರ ಕಾಲದಲ್ಲಿ ಹೆಣ್ಣುಮಕ್ಕಳನ್ನ ಎಷ್ಟನೇ ಕ್ಲಾಸಿಗೆ ಬಿಡಿಸ್ತಿದ್ರು ಅಂತ ನಿಮಗೆ ಗೊತ್ತೇ ಇದೆ. ಬಿಪಿ, ಶುಗರ್ ಇದ್ದೂ ಗೊತ್ತಾಗದೇ ಇರೋದು, ಕಿವಿ ಕಣ್ಣು ತೋರಿಸದೇ ಇರೋದು ಇದಕ್ಕೆ ಸೇರಿಕೊಳ್ಳುತ್ತೆ.

ಆದ್ರೆ ಈ ವಿಷಯದಲ್ಲಿ ಜಗತ್ತಿನ ಬಹುಪಾಲು ಮಾಹಿತಿ ಬಂದಿರೋದು ಅಮೆರಿಕ, ಯೂರೋಪಿನ ಜನರಿಂದ. ಅವರ ಊಟ, ಕೆಲಸ, ಓದು, ವಂಶವಾಹಿ ಎಲ್ಲ ಬೇರೆ. ಮುದ್ದೆ, ಸೊಪ್ಪಿನ ಸಾರು ತಿಂದು ಮಾವಿನ ತೋಪಿನಲ್ಲಿ ದುಡಿದ ದೇಹಕ್ಕೆ ಅದು ಹಾಗೇ ಅನ್ವಯ ಆಗುತ್ತಾ? ಇಲ್ಲಿಯವರನ್ನ ನೋಡದೆ ಹೇಳೋಕಾಗಲ್ಲ.

ಹೊರಗೆ ಚೆನ್ನಾಗಿರುವ ಹಣ್ಣು

ಈಗ ಮೊದಲ ಪ್ರಶ್ನೆಗೆ ಬರೋಣ. ಅಲ್ಝೈಮರ್ಸ್ ಕಾಯಿಲೆಯಲ್ಲಿ ಮಿದುಳಿನೊಳಗೆ ಕೆಲವು ಪ್ರೋಟೀನ್‌ಗಳು ಕಸದಂತೆ ಶೇಖರವಾಗ್ತಾ ಹೋಗುತ್ತವೆ. ಈ ಕೆಲಸ ಮರೆವು ಕಾಣಿಸಿಕೊಳ್ಳುವ 15-20 ವರ್ಷ ಮೊದಲೇ ಶುರುವಾಗಿರುತ್ತೆ. 70ಕ್ಕೆ ದಾರಿ ತಪ್ಪಿದವರ ಮಿದುಳಿನಲ್ಲಿ 50-55ಕ್ಕೇ ಬದಲಾವಣೆ ಆರಂಭ ಆಗಿರಬಹುದು. ಆಗ ಅವರು ತೋಪಿಗೆ ಹೋಗಿ, ಮಂಡಿ ವ್ಯಾಪಾರ ಮಾಡಿ, ಲೆಕ್ಕ ಬಾಯಲ್ಲೇ ಹೇಳ್ತಾ ಇರ್ತಾರೆ.

ಮಾವು ಬೆಳೆಯೋರಿಗೆ ಇದು ಹೊಸದಲ್ಲ. ಹಣ್ಣುನೊಣ ಕಾಯಿಗೆ ಮೊಟ್ಟೆ ಇಟ್ಟ ದಿನ ಯಾರಿಗೂ ಕಾಣಲ್ಲ. ಹೊರಗೆ ನೋಡಿದ್ರೆ ಬಂಗಾರದಂಥ ಹಣ್ಣು, ಕೊಯ್ದಾಗ ಒಳಗೆ ಹುಳ. ಅದಕ್ಕೇ ಹಣ್ಣಾಗೋ ಮೊದಲೇ ತೋಪಿನಲ್ಲಿ ಬಲೆ ಕಟ್ಟೋದು. ಮಿದುಳಿನ ವಿಷಯದಲ್ಲಿ ಬಲೆ ಯಾವಾಗ, ಎಲ್ಲಿ ಕಟ್ಟಬೇಕು ಅಂತ ತಿಳಿಯಬೇಕಾದ್ರೆ 45-50ರ ಆರೋಗ್ಯವಂತರನ್ನ ಇವತ್ತು ನೋಡಿ, ಕೆಲವು ವರ್ಷ ಬಿಟ್ಟು ಮತ್ತೆ ನೋಡಿ, ಮತ್ತೂ ನೋಡಬೇಕು. ಯಾರು ಕುಗ್ಗಿದ್ರು, ಯಾರು ಕುಗ್ಗಲಿಲ್ಲ, ಇಬ್ಬರ ಹಳೇ ರಕ್ತ ಪರೀಕ್ಷೆಯಲ್ಲಿ ಏನು ವ್ಯತ್ಯಾಸ ಇತ್ತು ಅಂತ ಹಿಂದಕ್ಕೆ ಹೋಗಿ ನೋಡಬಹುದು.

ಹೃದಯದ ವಿಷಯದಲ್ಲಿ ಈ ಕೆಲಸ ಮಾಡಿದ್ದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರು. 1948ರಲ್ಲಿ ಅಲ್ಲಿನ 5,209 ಜನ ಒಪ್ಪಿಕೊಂಡು ಪರೀಕ್ಷೆಗೆ ಬಂದ್ರು, ಆಮೇಲೂ ಬರ್ತಾನೇ ಇದ್ರು. ಮುಂದೆ ಅವರ ಮಕ್ಕಳು, ಮೊಮ್ಮಕ್ಕಳೂ ಸೇರಿದ್ರು. ಬಿಪಿ, ಕೊಲೆಸ್ಟ್ರಾಲ್, ಬೀಡಿ ಸಿಗರೇಟ್ ಹೃದಯಕ್ಕೆ ಕುತ್ತು ಅಂತ ಇವತ್ತು ನಮ್ಮ ಪಿಎಚ್‌ಸಿ ಡಾಕ್ಟರ್ ಹೇಳ್ತಾರಲ್ಲ, ಅದರ ಹಿಂದೆ ಆ ಊರಿನ ಜನರ ತಾಳ್ಮೆ ಇದೆ. ಮೊದಲ ಸಲ ಬಂದು ಎರಡನೇ ಸಲ ತಪ್ಪಿಸಿಕೊಂಡಿದ್ರೆ ಲೆಕ್ಕವೇ ಸಿಗ್ತಿರಲಿಲ್ಲ. ನಮ್ಮಲ್ಲೂ ಕಷ್ಟ ಇರೋದು ಇಲ್ಲೇ. ಒಂದು ಸಲ ಹೋಗಿ ಬಂದವರು ‘ಆಯ್ತಲ್ಲ, ಮತ್ತೇನು’ ಅಂತಾರೆ. ಮಾವಿನ ಸುಗ್ಗಿ ಬಂದ್ರಂತೂ ಯಾರೂ ಸಿಗಲ್ಲ.

ಏನೇನು ಪರೀಕ್ಷೆ?

ಮನೆತನದ ಕಾಯಿಲೆ, ಊಟ, ನಿದ್ದೆ, ದುಡಿಮೆ ಬಗ್ಗೆ ಪ್ರಶ್ನೆ. ಬಿಪಿ, ರಕ್ತ ಪರೀಕ್ಷೆ. ಕಿವಿ, ಕಣ್ಣು, ನಡಿಗೆ. ನೆನಪು ಮತ್ತು ಗಮನದ ಪರೀಕ್ಷೆ. ವಂಶವಾಹಿ ಪರೀಕ್ಷೆ, ಮಿದುಳಿನ ಎಂಆರ್‌ಐ. ನಡಿಗೆಯನ್ನ ಯಾಕೆ ನೋಡ್ತಾರೆ ಅಂದ್ರೆ, ವೇಗ ಕಡಿಮೆ ಆಗೋದು, ಮಾತಾಡ್ತಾ ನಡೆಯೋಕೆ ತಡವರಿಸೋದು ಮಿದುಳಿನ ಬದಲಾವಣೆಯ ಮುನ್ಸೂಚನೆ ಆಗಿರಬಹುದು. ಎಂಆರ್‌ಐಗೆ ಹೆದರೋರು ಜಾಸ್ತಿ. ಅದರಲ್ಲಿ ಎಕ್ಸ್‌ರೇ ಕಿರಣ ಇರಲ್ಲ, ಅಯಸ್ಕಾಂತದಿಂದ ಕೆಲಸ ಮಾಡುತ್ತೆ. ಸದ್ದು ಮಾತ್ರ ಜೋರು. ಮೈಯಲ್ಲಿ ಪೇಸ್‌ಮೇಕರ್, ಕಬ್ಬಿಣದ ರಾಡು ಏನಾದ್ರೂ ಇದ್ರೆ ಮೊದಲೇ ಹೇಳಬೇಕು.

ನೆನಪಿನ ಪರೀಕ್ಷೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ನಮ್ಮ ಹಿರಿಯರಿಗೆ ಅವಮಾನ ಆಗೋದು ಇಲ್ಲೇ. ಲೋಕದಲ್ಲೆಲ್ಲ ಬಳಸುವ ಪರೀಕ್ಷೆಗಳು ಶಾಲೆ ಕಲಿತವರಿಗಾಗಿ ಮಾಡಿದ್ದು. ಇವತ್ತು ಯಾವ ತಾರೀಖು? ಒಂದು ವಾಕ್ಯ ಬರೆಯಿರಿ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ಅಕ್ಷರ ಗೊತ್ತಿಲ್ಲದ ಅಜ್ಜಿ ಏನು ಹೇಳಬೇಕು? ತಾರೀಖು ಗೊತ್ತಿರಲ್ಲ, ಆದ್ರೆ ಈಗ ಯಾವ ಮಳೆ ನಡೀತಿದೆ, ಅಮಾವಾಸ್ಯೆಗೆ ಎಷ್ಟು ದಿನ ಉಳಿದಿದೆ ಅಂತ ಕೇಳಿ, ತಕ್ಷಣ ಹೇಳ್ತಾರೆ. ಅವರಿಗೆ ಸೊನ್ನೆ ಅಂಕ ಕೊಟ್ರೆ ತಪ್ಪು ಪರೀಕ್ಷೆಯದ್ದು.

ಈ ಸಮಸ್ಯೆ ಸಂಶೋಧಕರಿಗೂ ಗೊತ್ತು. 1990ರ ದಶಕದಲ್ಲೇ ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಅಕ್ಷರ ಬಾರದವರಿಗೂ ಹೊಂದುವ ಹಿಂದಿ ಪರೀಕ್ಷೆ ಸಿದ್ಧ ಮಾಡಿದ್ರು. ಆಮೇಲೆ ಐಸಿಎಂಆರ್ ಕನ್ನಡ, ತೆಲುಗು ಸೇರಿ ಐದು ಭಾಷೆಗಳಲ್ಲಿ ಪರೀಕ್ಷೆಗಳ ಗುಚ್ಛ ರೂಪಿಸಿತು. ನಮ್ಮ ತಾಲ್ಲೂಕಿನಲ್ಲಿ ಮನೆಯಲ್ಲಿ ತೆಲುಗು, ತಾಲ್ಲೂಕಾಫೀಸಿನಲ್ಲಿ ಕನ್ನಡ ಅನ್ನೋರೇ ಎಷ್ಟೋ ಜನ. ಹಾಗಾಗಿ ಪರೀಕ್ಷೆಗೆ ಕೂತಾಗ ‘ನಂಗೆ ತೆಲುಗಲ್ಲಿ ಕೇಳಿ’ ಅಂತ ಹೇಳೋಕೆ ಸಂಕೋಚ ಬೇಡ.

ಒಪ್ಪಿಗೆ ವಿಷಯದಲ್ಲೂ ಸಂಕೋಚ ಬೇಡ. ದೇಶದ ಎಲ್ಲ ವೈದ್ಯಕೀಯ ಸಂಶೋಧನೆಗೂ ಐಸಿಎಂಆರ್ ನಿಯಮ ಇದೆ. ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೀಬೇಕು. ಓದೋಕೆ ಬಾರದವರಾದ್ರೆ ಹೆಬ್ಬೆಟ್ಟಿನ ಜೊತೆ ಸಂಬಂಧಪಡದ ಒಬ್ಬ ಸಾಕ್ಷಿ ಬೇಕು. ಬೇಡ ಅನಿಸಿದ್ರೆ ಯಾವಾಗ ಬೇಕಾದ್ರೂ ಬಿಡಬಹುದು. ಬಿಟ್ಟರೆ ಸಿಗುವ ಚಿಕಿತ್ಸೆಗೆ ತೊಂದರೆ ಆಗೋ ಹಾಗಿಲ್ಲ.

ಅಲ್ಲಿಯವರೆಗೆ ಏನು ಮಾಡೋದು?

ಹತ್ತಿಪ್ಪತ್ತು ವರ್ಷ ಬಿಟ್ಟು ಬರುವ ಉತ್ತರ ಇವತ್ತು ಮನೆಯಲ್ಲಿರುವ ತಾತನಿಗೆ ಪ್ರಯೋಜನ ಇಲ್ಲ ಅಂತೀರಾ? ಗೊತ್ತಾಗಿರೋದು ಆಗಲೇ ಸಾಕಷ್ಟಿದೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 14 ಕಾರಣಗಳನ್ನ ಪಟ್ಟಿ ಮಾಡಿತು. ಅವುಗಳನ್ನ ನಿಭಾಯಿಸಿದ್ರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ 45ರಷ್ಟನ್ನ ತಡೆಯಬಹುದು ಅಥವಾ ಮುಂದೂಡಬಹುದು ಅನ್ನೋದು ಅಂದಾಜು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಧೂಮಪಾನ, ಅತಿ ಕುಡಿತ, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ಕಿವಿ ಕೇಳಿಸದಿರೋದು, ಕಣ್ಣು ಕಾಣದಿರೋದು ಎಲ್ಲ ಅದರಲ್ಲಿವೆ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವ ಮೊಮ್ಮಗನಿಗೂ ಈ ಪಟ್ಟಿಯಲ್ಲಿ ಪಾಠ ಇದೆ.

ನನ್ನ ಪ್ರಕಾರ ನಮ್ಮ ಕಡೆ ಅತಿ ಹೆಚ್ಚು ಅಲಕ್ಷ್ಯ ಆಗಿರೋದು ಕಿವಿ. ನಮ್ಮ ತಾತನ ವಿಷಯವೇ ಹೇಳ್ತೀನಿ. ಕೇಳಿದ್ದಕ್ಕೆ ಏನೋ ಉತ್ತರ ಕೊಡ್ತಿದ್ರು, ಹೇಳಿದ್ದು ನೆನಪಿಲ್ಲ ಅಂತಿದ್ರು, ನಾಲ್ಕು ಜನ ಸೇರಿದ ಕಡೆ ಸುಮ್ಮನೆ ಕೂರ್ತಿದ್ರು. ‘ಅರವತ್ತಕ್ಕೆ ಅರಳು ಮರಳು, ಇವರಿಗೆ ಎಪ್ಪತ್ತೈದು’ ಅಂತ ಮನೆಯವರೆಲ್ಲ ಬಿಟ್ಟುಬಿಟ್ವಿ. ಎರಡು ವರ್ಷ ಆದ ಮೇಲೆ ಬೇರೆ ಯಾವುದಕ್ಕೋ ಆಸ್ಪತ್ರೆಗೆ ಹೋದಾಗ ಕಿವಿ ಪರೀಕ್ಷೆ ಆಯ್ತು. ಹೇಳಿದ್ದು ನೆನಪಿಲ್ಲ ಅಂದಿದ್ದರಲ್ಲಿ ಅರ್ಧ, ಹೇಳಿದ್ದೇ ಕೇಳಿಸಿರಲಿಲ್ಲ. ಮರೆವು ಪೂರ್ತಿ ಹೋಗಲಿಲ್ಲ, ಆದ್ರೆ ಯಂತ್ರ ಹಾಕಿದ ಮೇಲೆ ಮತ್ತೆ ಕಟ್ಟೆಗೆ ಹೋಗೋಕೆ ಶುರು ಮಾಡಿದ್ರು.

ಕಿವಿ ಯಂತ್ರದಿಂದ ಮಿದುಳಿಗೆ ಲಾಭ ಇದೆಯಾ ಅಂತ ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನ ಮೂರು ವರ್ಷ ನೋಡಿದ್ರು. 2023ರಲ್ಲಿ ಫಲಿತಾಂಶ ಬಂತು. ಎಲ್ಲರನ್ನೂ ಸೇರಿಸಿ ನೋಡಿದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದ್ರೆ ಮೊದಲೇ ಹೃದಯ, ಶುಗರ್ ಮೊದಲಾದ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಕುಗ್ಗುವಿಕೆಯ ವೇಗ ಶೇ 48ರಷ್ಟು ಕಡಿಮೆ ಆಗಿತ್ತು. ಮ್ಯಾಜಿಕ್ ಅಲ್ಲ, ಆದ್ರೆ ತಳ್ಳಿಹಾಕುವಂಥದ್ದೂ ಅಲ್ಲ. ಫಿನ್‌ಲೆಂಡಿನಲ್ಲಿ 1,260 ಹಿರಿಯರ ಮೇಲೆ ನಡೆದ ಎರಡು ವರ್ಷದ ಪ್ರಯೋಗದಲ್ಲೂ ಒಳ್ಳೇ ಊಟ, ವ್ಯಾಯಾಮ, ಮಿದುಳಿಗೆ ಕೆಲಸ, ಬಿಪಿ ನಿಗಾ ಈ ನಾಲ್ಕನ್ನೂ ಒಟ್ಟಿಗೆ ಮಾಡಿದವರು ಪರೀಕ್ಷೆಗಳಲ್ಲಿ ಉಳಿದವರಿಗಿಂತ ಮುಂದಿದ್ರು.

ಯಾವ ಮರೆವಿಗೆ ಡಾಕ್ಟರ್ ಬೇಕು?

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋದು, ಹೆಸರು ತಟ್ಟನೆ ಬಾಯಿಗೆ ಬರದಿರೋದು ವಯಸ್ಸಿನ ಸಹಜ. ದಿನಾ ಹೋಗುವ ತೋಪಿನಿಂದ ಮನೆ ದಾರಿ ತಿಳಿಯದಿರೋದು, ಈಗಷ್ಟೇ ಊಟ ಮಾಡಿದ್ದು ಮರೆಯೋದು, ವರ್ಷಗಟ್ಟಲೆ ಮಾಡಿದ ಸಾರು ಹೇಗೆ ಮಾಡೋದು ಅಂತ ಗೊತ್ತಾಗದಿರೋದು, ದುಡ್ಡಿನ ಲೆಕ್ಕ ಪದೇಪದೇ ತಪ್ಪೋದು, ಕಾರಣ ಇಲ್ಲದೆ ಮನೆಯವರ ಮೇಲೆ ಅನುಮಾನ, ಇವು ಸಹಜ ಅಲ್ಲ. ನಾಲ್ಕೈದು ದಿನದಲ್ಲಿ ಏಕಾಏಕಿ ಗೊಂದಲ ಶುರುವಾದ್ರೆ ಇನ್ನೂ ಬೇಗ ತೋರಿಸಬೇಕು. ಸೋಂಕು, ಸೋಡಿಯಂ ಕಡಿಮೆ ಆಗಿರೋದು ಅಥವಾ ತಲೆಯೊಳಗೆ ರಕ್ತಸ್ರಾವ ಆಗಿರಬಹುದು.

ಮರೆವು ಅಂತ ಬಂದ ಎಲ್ಲರದ್ದೂ ಅಲ್ಝೈಮರ್ಸ್ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳಿಂದಲೂ ಹೀಗಾಗುತ್ತೆ. ಇವಕ್ಕೆ ಚಿಕಿತ್ಸೆ ಇದೆ, ಸುಧಾರಿಸಲೂಬಹುದು. ‘ಅರಳು ಮರಳು’ ಅಂತ ಮನೆಯಲ್ಲೇ ತೀರ್ಮಾನ ಮಾಡಿಬಿಟ್ರೆ ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಸಿಗುತ್ತಿದ್ದ ಕಾರಣವೂ ತಪ್ಪಿ ಹೋಗುತ್ತೆ.

ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆಯ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ 2022ರಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ ಆಯ್ಕೆಯಾದ ಕೆಲವೇ ಆಸ್ಪತ್ರೆಗಳಲ್ಲಿ ಕೋಲಾರ ಜಿಲ್ಲಾಸ್ಪತ್ರೆಯೂ ಒಂದು. ಅಲ್ಲಿಗೆ ಹೋದಾಗ ಮಿದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಅಂತ ಕೇಳಿ. ಹಿರಿಯರ ಯಾವುದೇ ತೊಂದರೆಗೆ ಸಹಾಯವಾಣಿ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ.

ಹೋಗುವಾಗ ಮನೆಯಲ್ಲಿರೋ ಮಾತ್ರೆಗಳನ್ನೆಲ್ಲ ಒಂದು ಕವರ್‌ಗೆ ಹಾಕಿಕೊಂಡು ಹೋಗಿ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದದ್ದೂ ಸೇರಿಸಿ. ಮರೆವು ಯಾವಾಗ ಶುರುವಾಯ್ತು ಅಂತ ಹೇಳಬಲ್ಲ, ದಿನಾ ಜೊತೆಯಲ್ಲಿರುವ ಒಬ್ಬರು ಜೊತೆಗಿರಬೇಕು. ಊರಿಂದ ಹಬ್ಬಕ್ಕೆ ಬಂದ ಮಗನಿಗಿಂತ ಮನೆಯಲ್ಲಿರುವ ಸೊಸೆಗೆ ಅದು ಚೆನ್ನಾಗಿ ಗೊತ್ತಿರುತ್ತೆ.