ರಾಮಪತ್ರೆ ಜಡ್ಡಿಯ ಮರಗಳನ್ನು ಬೀಜದಿಂದ ಬೆಳೆಸುವ ಕ್ರಮ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ, ಹೊನ್ನಾವರ ತಾಲೂಕುಗಳ ದಟ್ಟಡವಿಯಲ್ಲಿ, ಹಳ್ಳಗಳು ಹುಟ್ಟುವ ಕಣಿವೆಗಳ ತಗ್ಗಿನಲ್ಲಿ, ವರ್ಷವಿಡೀ ನೀರು ಒಸರುವ ಕೆಲವು ಜೌಗುನೆಲಗಳಿವೆ. ಇವಕ್ಕೆ ಆ ಸೀಮೆಯ ಜನರು ರಾಮಪತ್ರೆ ಜಡ್ಡಿ ಎನ್ನುವರು. ಜಾಯಿಕಾಯಿಯ ಕುಟುಂಬಕ್ಕೆ ಸೇರಿದ ಜಿಮ್ನಕ್ರಾಂಥೆರ ಕೆನರಿಕ ಮತ್ತು ಮಿರಿಸ್ಟಿಕ ಮ್ಯಾಗ್ನಿಫಿಕ ಎಂಬೆರಡು ಮರಗಳು ಇಲ್ಲಿ ಪ್ರಧಾನವಾದುವು. ಮೊದಲನೆಯದರ ಬೇರುಗಳು ಕೆಸರಿನಿಂದ ಮಂಡಿಯಂತೆ ಬಾಗಿ ಮೇಲೆದ್ದು ಗಾಳಿಯನ್ನು ಪಡೆಯುವುವು. ಎರಡನೆಯದು ಕಾಂಡದ ಬುಡದಿಂದ ಊರುಗೋಲಿನಂತಹ ಬೇರುಗಳನ್ನಿಳಿಸಿ ನಿಲ್ಲುವುದು. 1960ರಲ್ಲಿ ಕೃಷ್ಣಮೂರ್ತಿಯವರು ತಿರುವಾಂಕೂರು ಪ್ರಾಂತದ ಇಂತಹ ಜೌಗುಗಳನ್ನು ವರದಿ ಮಾಡಿದರು. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಅವರ ಅರಣ್ಯ ವರ್ಗೀಕರಣದಲ್ಲಿ ಇವಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು.

ಬತ್ತದ ನೀರಿನ ಆಸೆಯಿಂದ ಈ ತಗ್ಗುಗಳನ್ನು ಅಡಕೆಯ ತೋಟವಾಗಿಯೂ ಗದ್ದೆಯಾಗಿಯೂ ಮಾರ್ಪಡಿಸಿದುದರಿಂದ ಇಂದು ಉಳಿದಿರುವುವು ಅಲ್ಲೊಂದು ಇಲ್ಲೊಂದು ತುಣುಕುಗಳು ಮಾತ್ರ. ಅವನ್ನು ಮತ್ತೆ ವಿಸ್ತರಿಸಬೇಕಾದರೆ ಸಸಿ ಬೇಕು, ಸಸಿಗೆ ಬೀಜ ಬೇಕು. ತೊಡಕು ಇರುವುದು ಈ ಬೀಜದಲ್ಲಿಯೇ.

ಯುರೋಪಿನ ಜೌಗುನೆಲದ ಆಲ್ಡರ್ ಮರವನ್ನು ಇದರೊಡನೆ ಹೋಲಿಸಿ ನೋಡಬಹುದು. ಅದರ ಬೀಜ ಎಷ್ಟು ಹಗುರವೆಂದರೆ ಒಂದು ಗ್ರಾಮಿಗೆ ನೂರಾರು ಬೀಜಗಳು ತೂಗುವುವು. ಅವು ನೀರಿನಲ್ಲಿ ತೇಲಿ ದೂರ ಹೋಗಬಲ್ಲವು. ಒಣಗಿಸಿ ತಂಪಿನಲ್ಲಿಟ್ಟರೆ ವರ್ಷಗಳವರೆಗೆ ಕೆಡವು. ರಾಮಪತ್ರೆಯ ಜಾತಿಗಳದು ತದ್ವಿರುದ್ಧವಾದ ಸ್ವಭಾವ. ಬೀಜ ದಪ್ಪವಾದುದು, ನೀರಿನಂಶ ತುಂಬಿದುದು, ಒಣಗಿತೆಂದರೆ ಸತ್ತಿತು. ಧಾನ್ಯದಂತೆ ಬಿಸಿಲಿಗೆ ಹರವಿ ಡಬ್ಬದಲ್ಲಿ ತುಂಬಿಡುವ ಕ್ರಮ ಇಲ್ಲಿ ಬೀಜಕ್ಕೆ ಮರಣಶಾಸನವೇ ಸರಿ. ಆದಕಾರಣ ಸಾಮಾನ್ಯ ಬೀಜಭಂಡಾರದಲ್ಲಿ ಇವನ್ನು ಕಾಪಿಡಲಾಗದು. ಜಡ್ಡಿಯೇ ಇವುಗಳ ಭಂಡಾರ.

ಕಾಯಿ ತಾನಾಗಿ ಬಿರಿದು ಒಳಗಿನ ಕೆಂಪು ಪತ್ರೆ ಕಾಣಿಸಿಕೊಂಡಾಗ ಬೀಜವನ್ನು ಸಂಗ್ರಹಿಸತಕ್ಕದ್ದು. ತಡಮಾಡಲಾಗದು. ಪತ್ರೆಯನ್ನು ತಿನ್ನಲು ಮಂಗಟ್ಟೆ ಹಕ್ಕಿಗಳು ಬರುವುವು. ಬೀಜವನ್ನು ದೂರಕ್ಕೆ ಒಯ್ದು ಉಗುಳುವ ಉಪಕಾರವೂ ಅವುಗಳದೇ. ನೆಲಕ್ಕೆ ಬಿದ್ದವನ್ನು ಇಲಿ, ಏಡಿಗಳು ಬಿಡುವುದಿಲ್ಲ. ತಂದ ಬೀಜದಿಂದ ಪತ್ರೆಯನ್ನು ಬಿಡಿಸಿ, ತೊಳೆದು, ಸಾಧ್ಯವಾದರೆ ಅದೇ ದಿನ ಬಿತ್ತಬೇಕು. ದೂರ ಸಾಗಿಸಬೇಕಾದಲ್ಲಿ ಒದ್ದೆ ಮರಳಿನಲ್ಲಿ ಹುದುಗಿಸಿ ನೆರಳಿನಲ್ಲಿ ಒಯ್ಯುವುದು ಲೇಸು.

ಜೌಗಿನ ಮರವೆಂದು ಪಾತಿಯಲ್ಲಿ ನೀರು ನಿಲ್ಲಿಸುವುದು ತಪ್ಪು ತಿಳಿವಳಿಕೆ. ಜಡ್ಡಿಯ ನೀರು ಮೆಲ್ಲನೆ ಹರಿಯುವ ನೀರು. ಪಾತಿಯದು ನಿಂತು ಕೊಳೆಯುವ ನೀರು. ಹೊಳೆಮರಳಿನ ಪಾತಿಯಲ್ಲಿ ಬೀಜವನ್ನು ತೆಳುವಾಗಿ ಮುಚ್ಚಿ, ದಟ್ಟ ನೆರಳು ಕೊಟ್ಟು, ತೇವ ಆರದಂತೆ ನೋಡಿಕೊಂಡರೆ ಸಾಕು. ಮೊದಲು ಬೇರು ಇಳಿಯುವುದು. ಚಿಗುರು ಮೇಲೇಳಲು ವಾರಗಳೇ ಹಿಡಿಯುವುವು. ಈ ಅವಧಿಯಲ್ಲಿ ಬೀಜ ಕೆಟ್ಟಿತೆಂದು ಭಾವಿಸಿ ಪಾತಿಯನ್ನು ಕೆದಕಿದರೆ ಎಳೆಯ ಬೇರು ಮುರಿಯುವುದು. ಮೊಳೆತವನ್ನು ಆಳವಾದ ಚೀಲಕ್ಕೆ ವರ್ಗಾಯಿಸಿ ನೆರಳಿನಲ್ಲಿಯೇ ಬೆಳೆಸತಕ್ಕದ್ದು.

ಇನ್ನೊಂದು ವಿಷಯವಿದೆ. ಈ ಮರಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಹೂಬಿಡುವವರೆಗೆ ಸಸಿ ಯಾವುದೆಂದು ನೋಟದಿಂದ ಹೇಳಲಾಗದು. ಇಂತಹ ಜೌಗುಗಳಲ್ಲಿಯೇ ದೊರೆತು, ದಾಸಪ್ಪ ಮತ್ತು ಸ್ವಾಮಿನಾಥ್ ಅವರು 2000ದಲ್ಲಿ ವಿವರಿಸಿದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಗೇರುಕುಟುಂಬದ ಅತಿ ವಿರಳ ಮರದಲ್ಲಿಯೂ ಸ್ಥಿತಿ ಹೀಗೆಯೇ. ಅದರ ಹೆಸರು ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಿಂದ ಬಂದುದು. ಒಂದೆರಡು ಸಸಿ ನೆಟ್ಟು ಕೈತೊಳೆದುಕೊಂಡರೆ ಎರಡೂ ಗಂಡಾಗಿ ನಿಲ್ಲುವ ಸಂಭವವುಂಟು. ಆದುದರಿಂದ ಗುಂಪಾಗಿ ನೆಡಬೇಕು. ಬೀಜವನ್ನು ಒಂದೇ ತಾಯಿಮರದಿಂದ ತಾರದೆ, ಕಾಯಿಬಿಟ್ಟ ಎಲ್ಲ ಮರಗಳಿಂದ ಸ್ವಲ್ಪ ಸ್ವಲ್ಪವಾಗಿ ಆಯ್ದು, ಪ್ರತಿ ಮರದ ಬುಡದಲ್ಲಿಯೂ ಒಂದು ಪಾಲನ್ನು ಬಿಟ್ಟು ಬರಬೇಕು. ನೆಡುವ ತಾವಿನ ಮೇಲಣ ಹಳ್ಳವನ್ನು ಯಾರಾದರೂ ತಿರುಗಿಸಿರುವರೇ ಎಂಬುದನ್ನು ಬೇಸಗೆಯಲ್ಲೊಮ್ಮೆ ಹೋಗಿ ನೋಡಿದ ತರುವಾಯವೇ ಗುಂಡಿ ತೋಡುವುದು ಯುಕ್ತ.